ತೊಂಡೆ ಸೊಪ್ಪಿನ ಹಲಗೆ

ಅಕ್ಕಾ, ತಡೀರಿ ತಡೀರಿ, ಆ ಬಳ್ಳೀನ ಬುಡಸಮೇತ ಕೀಳಬೇಡಿ. ಬೇಲಿ ತುಂಬ ಹಬ್ಬಿಕೊಂಡಿದೆ, ಕಾಯಿ ನೋಡಿದರೆ ನಾಲ್ಕೇ ನಾಲ್ಕು ಅಂತ ನಿಮಗೆ ಸಿಟ್ಟು ಬಂದಿರೋದು ಗೊತ್ತು. ಆದರೆ ತೊಂಡೆ ಅಂದರೆ ಬರೀ ಕಾಯಿ ಅಲ್ಲ ಕಣ್ರೀ, ಸೊಪ್ಪೂ ಇದೆಯಲ್ಲ. ಕಾಂಬೋಡಿಯಾದಲ್ಲಿ ನನಗೆ ದೊಡ್ಡ ಉಪಕಾರ ಮಾಡಿದ್ದು ಇದೇ ಸೊಪ್ಪು. ಆ ಕುಡುಗೋಲು ಪಕ್ಕಕ್ಕಿಡಿ, ಹೇಳ್ತೀನಿ.

ನಾನು ಹೋಗಿ ಬಂದದ್ದಂತೂ ನಿಮಗೆ ಗೊತ್ತೇ ಇದೆ, ಮನೆ ಬೀಗದ ಕೈ ನಿಮ್ಮ ಹತ್ತಿರವೇ ತಾನೆ ಇದ್ದದ್ದು? ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದ ಕೈ ನಿವೃತ್ತಿ ಆಯ್ತು ಅಂದ ಮಾತ್ರಕ್ಕೆ ಸುಮ್ಮನೆ ಕೂರುತ್ತಾ? ಸಿಯೆಮ್ ರೀಪ್ ಹತ್ತಿರದ ಒಂದು ಹಳ್ಳಿಯಲ್ಲಿ ಬಡಮಕ್ಕಳಿಗೆ ಇಂಗ್ಲಿಷು, ಲೆಕ್ಕ ಹೇಳಿಕೊಡೋಕೆ ಯಾರಾದರೂ ಬನ್ನಿ ಅಂದರು. ಜನವರಿಯಲ್ಲಿ ಹೋದವಳು ಮಾರ್ಚ್ ಮುಗಿಯೋವರೆಗೂ ಇದ್ದೆ. ಅಂಕೋರ್ ವಾಟ್ ಇರೋ ಊರಲ್ವಾ, ಇಲ್ಲಿ ಸಿಕ್ಕವರೆಲ್ಲ ದೇವಸ್ಥಾನದ ವಿಷಯವೇ ಕೇಳ್ತಾರೆ. ಬಂಟೆಯ್ ಸ್ರೇ ಗುಡಿಗೆ ಹೋಗೋ ದಾರಿಯುದ್ದಕ್ಕೂ ಹೆಂಗಸರು ದೊಡ್ಡ ಬಾಣಲೆ ಇಟ್ಟುಕೊಂಡು ತಾಳೆ ಬೆಲ್ಲ ಕಾಯಿಸ್ತಾ ಕೂತಿರ್ತಾರೆ. ಅಂಥವರ ಮಕ್ಕಳೇ ನನ್ನ ಕ್ಲಾಸಿನವರು. ಬಿಳಿ ಅಂಗಿಗೆಲ್ಲ ಬೆಲ್ಲದ ಹೊಗೆಯ ವಾಸನೆ. ನನಗೆ ನಮ್ಮ ಆಲೆಮನೆಯೇ ನೆನಪಾಗೋದು.

ಮೊದಲ ದಿನವೇ ನಿಮ್ಮನ್ನ ನೆನೆಸಿಕೊಂಡೆ. ನೀವು ಧಾರವಾಡದ ಕಡೆಯವರು, ಇವತ್ತಿಗೂ ‘ಸಾಲಿ’ ಅಂತೀರಲ್ಲ, ಅವರೂ ಶಾಲೆಗೆ ‘ಸಾಲಾ’ ಅಂತಾರೆ. ಸಾಲಾ ರಿಯೆನ್ ಅಂದರೆ ಕಲಿಯೋ ಸಾಲಿ. ಮೇಷ್ಟ್ರು ‘ಲೋಕ್ ಕ್ರೂ’, ನಮ್ಮಂಥವರು ‘ನೆಯಕ್ ಕ್ರೂ’. ಕ್ರೂ ಅನ್ನೋದು ನಮ್ಮ ಗುರುವೇ, ಅಷ್ಟು ದೂರ ಹೋಗಿ ಸ್ವಲ್ಪ ಸವೆದಿದೆ ಅಷ್ಟೇ. ಅಕ್ಷರಮಾಲೆಯೂ ಹಾಗೇ. ಒಂದು ಮಗು ಎದ್ದು ನಿಂತು ‘ಕಾ, ಖಾ, ಕೋ, ಖೋ, ಙೋ’ ಅಂತ ಶುರು ಮಾಡಿತು ನೋಡಿ, ಮುಂದಿನ ಸಾಲು ನಾನೇ ಹೇಳಬಹುದಿತ್ತು! ಎಲ್ಲಾ ಅದೇ ಬ್ರಾಹ್ಮಿಯ ಸಂತಾನ ತಾನೆ. ಒಂದೇ ಕಷ್ಟ, ಅವರು ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡಲ್ಲ. ಸಾಲು ಪೂರ್ತಿ ಕನಕಾಂಬರದ ದಂಡೆ ಹಾಗೆ ಒತ್ತಾಗಿ ಕಟ್ಟಿರುತ್ತೆ.

ಆಮೇಲೆ ಆ ಪಾಪದ ಞ ಅಕ್ಷರ! ನಮ್ಮ ಮಕ್ಕಳು ವರ್ಷಾ ವರ್ಷಾ ಕೇಳೋರು, ಮಿಸ್ ಇದನ್ನ ಎಲ್ಲಿ ಬರೀತಾರೆ ಅಂತ. ನಾನು ಜ್ಞಾನದ ಒತ್ತು ತೋರಿಸಿ ಮುಂದೆ ಹೋಗ್ತಿದ್ದೆ. ಅಲ್ಲಿ ನೋಡಿದರೆ ಊಟ ಮಾಡೋದಕ್ಕೇ ‘ಞಾಂ ಬಾಯ್’ ಅಂತಾರೆ. ಬಾಯ್ ಅಂದರೆ ಅನ್ನ. ದಾರಿಯಲ್ಲಿ ಸಿಕ್ಕವರನ್ನ ಹೇಗಿದ್ದೀರಿ ಅಂತ ಕೇಳೋ ಬದಲು ಅನ್ನ ಉಂಡಿರಾ ಅಂತಲೇ ಕೇಳೋದು. ಥೇಟ್ ನಮ್ಮ ‘ಊಟ ಆಯ್ತಾ’ ಥರ, ಅಲ್ವಾ? ಹೊರಗಿನವಳು ಅನ್ನೋ ಭಾವ ಆ ಒಂದು ಮಾತಿನಲ್ಲೇ ಅರ್ಧ ಹೋಯ್ತು. ಇನ್ನೊಂದು ವಿಚಿತ್ರ ಕೇಳಿ. ಹೂಂ ಅನ್ನೋದಕ್ಕೆ ಗಂಡಸರು ‘ಬಾತ್’ ಅಂತಾರೆ, ಹೆಂಗಸರು ‘ಚಾ’ ಅಂತಾರೆ. ಅರ್ಥ ಆಯ್ತಾ ಮಕ್ಕಳೇ ಅಂದರೆ ಒಂದು ಕಡೆಯಿಂದ ‘ಬಾತ್’, ಇನ್ನೊಂದು ಕಡೆಯಿಂದ ‘ಚಾ’. ಬೆಳಗಿನ ಹೋಟೆಲಿನಲ್ಲಿ ಕೂತ ಹಾಗೆ!

ಲೆಕ್ಕದ ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. ಅವರಿಗೆ ಐದರವರೆಗೆ ಮಾತ್ರ ಬೇರೆ ಬೇರೆ ಹೆಸರು. ಮುವಾಯ್, ಪೀ, ಬೇಯ್, ಬುವನ್, ಪ್ರಾಂ. ಆರಕ್ಕೆ ‘ಪ್ರಾಂ ಮುವಾಯ್’, ಅಂದರೆ ಐದು-ಒಂದು. ಏಳು ಅಂದರೆ ಐದು-ಎರಡು. ಹತ್ತಕ್ಕೆ ಮತ್ತೆ ಹೊಸ ಹೆಸರು. ಅಯ್ಯೋ, ಮಕ್ಕಳಿಗೆ ಎಷ್ಟು ಗೊಂದಲ ಅಂದುಕೊಂಡೆ. ಒಂದಿನ ಏಳಕ್ಕೆ ಎಂಟು ಕೂಡಿಸು ಅಂದೆ. ಎಂಟು ವರ್ಷದ ಹುಡುಗಿ, ಬೆರಳೂ ಮಡಚಲಿಲ್ಲ, ಹದಿನೈದು ಅಂದುಬಿಟ್ಟಳು. ಹೇಗಮ್ಮ ಅಂತ ಕೇಳಿದರೆ, ಐದು-ಎರಡು, ಐದು-ಮೂರು. ಐದೂ ಐದೂ ಹತ್ತು, ಎರಡೂ ಮೂರೂ ಇನ್ನೊಂದು ಐದು, ಮುಗೀತಲ್ಲ! ಅವಳ ಭಾಷೆಯೇ ಅವಳಿಗೆ ಅರ್ಧ ಲೆಕ್ಕ ಮಾಡಿಕೊಟ್ಟಿತ್ತು. ನಾನು ಅದನ್ನ ಬಿಡಿಸಿ ಇಂಗ್ಲಿಷಿನಲ್ಲಿ ಹೇಳು ಅಂದಿದ್ದರೆ ಆ ಸುಖ ಅವಳಿಗೂ ತಪ್ಪೋದು, ನನಗೂ ತಪ್ಪೋದು. ಅಂದಿನಿಂದ ಲೆಕ್ಕ ಮಾತ್ರ ಅವರ ಮಾತಿನಲ್ಲೇ ನಡೀಲಿ ಅಂದೆ.

ಲೆಕ್ಕ ಅಂದ ಮೇಲೆ ನೆನಪಾಯ್ತು. ಸೊನ್ನೆಯನ್ನ ಅಂಕಿಯಾಗಿ ಕೆತ್ತಿದ ತುಂಬಾ ಹಳೇ ಕಲ್ಲುಗಳಲ್ಲಿ ಒಂದು ಅವರ ದೇಶದ್ದೇ. ಮೆಕಾಂಗ್ ನದಿ ಪಕ್ಕದ ಸಾಂಬೋರ್‌ನಲ್ಲಿ ಸಿಕ್ಕಿದ್ದು. ಶಕವರ್ಷ 605, ಅಂದರೆ ಕ್ರಿ.ಶ. 683. ನಡುವಿನ ಸೊನ್ನೆ ಒಂದು ಚುಕ್ಕಿ, ಅಷ್ಟೇ. ಶಕವರ್ಷ ಅಂದರೆ ನಿಮ್ಮ ಬಾದಾಮಿ ಕೋಟೆ ಬಂಡೆ ಮೇಲೆ ಪುಲಕೇಶಿ ಶಕ 465 ಅಂತ ಬರೆಸಿದ್ದಾನಲ್ಲ, ಅದೇ ಎಣಿಕೆ. ಇದನ್ನ ಮಕ್ಕಳಿಗೆ ಹೇಳಿದಾಗ ಒಬ್ಬ ಹುಡುಗ ತನ್ನ ಪುಸ್ತಕದಲ್ಲಿದ್ದ ಸೊನ್ನೆಗಳನ್ನೆಲ್ಲ ಅಳಿಸಿ ಚುಕ್ಕಿ ಮಾಡಿಕೊಂಡ. ಪಾಪ, ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಆದರೆ ಇಂಗ್ಲಿಷ್ ಪಾಠಕ್ಕೆ ಬಂದಾಗ ಒಂದು ವಿಷಯ ಮನಸ್ಸಿಗೆ ಚುಚ್ಚಿತು ಅಕ್ಕಾ. ಬಣ್ಣಗಳ ಹೆಸರು ಕೇಳಿದರೆ ಪಟಪಟ ಅಂತಾರೆ. ಪ್ರಾಣಿಗಳ ಹೆಸರು, ಪಟಪಟ. ತಲೆ ಮುಟ್ಟಿ ಮಂಡಿ ಮುಟ್ಟಿ ಹೇಳೋ ಹಾಡಂತೂ ಮೂರು ಧಾಟಿಯಲ್ಲಿ ಬರುತ್ತೆ. ನಿನ್ನೆ ಏನು ಮಾಡಿದೆ ಅಂತ ಕೇಳಿ, ಬಾಯಿಗೆ ಬೀಗ. ಯಾಕೆ ಅಂದರೆ, ಪಾಠ ಹೇಳೋಕೆ ಅಂತ ಹೊರಗಿಂದ ಎರಡು ವಾರಕ್ಕೊಬ್ಬರು ಬರ್ತಾರೆ. ಬಂದವರೆಲ್ಲ ಕೆಂಪು, ಹಸಿರು, ನೀಲಿಯಿಂದಲೇ ಶುರು ಮಾಡ್ತಾರೆ. ಎಲ್ಲರೂ ಒಳ್ಳೇ ಮನಸ್ಸಿನ ಹುಡುಗ ಹುಡುಗಿಯರೇ, ಅದರಲ್ಲಿ ಎರಡು ಮಾತಿಲ್ಲ. ಹಳದಿ ಬರೋ ಹೊತ್ತಿಗೆ ವಿಮಾನದ ಹೊತ್ತಾಗಿರುತ್ತೆ. ಕಣ್ಣೀರು, ಅಪ್ಪುಗೆ, ಫೋಟೋ. ಮಾರನೇ ವಾರ ಮತ್ತೊಬ್ಬರು, ಮತ್ತೆ ಕೆಂಪು.

ನನಗೆ ನಮ್ಮೂರ ಏಕೋಪಾಧ್ಯಾಯ ಶಾಲೆ ಕಣ್ಣಿಗೆ ಕಟ್ಟಿತು. ಬಸ್ಸು ಬಾರದ ಊರು, ಬಂದ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋಗೋರು. ಹೊಸಬರು ಬಂದು ಮತ್ತೆ ಅ ಆ ಇ ಈ. ಮೂರನೇ ಕ್ಲಾಸಿಗೆ ಬಂದರೂ ನಮಗೆ ಒತ್ತಕ್ಷರ ಸರಿಯಾಗಿ ಬರ್ತಿರಲಿಲ್ಲ. ಕೊನೆಗೊಬ್ಬರು ಬಂದರು, ಅದೇ ಊರಲ್ಲಿ ಮನೆ ಮಾಡಿದರು, ಹೆಂಡತಿ ಮಕ್ಕಳನ್ನ ಕರಕೊಂಡು ಬಂದರು. ನಾನು ಟೀಚರ್ ಆದದ್ದು ಅವರಿಂದ. ಪ್ರತಿ ಶನಿವಾರ ನಮ್ಮ ಕೈಲಿ ತೊಂಡೆ ಸೊಪ್ಪು ತರಿಸೋರು. ಇದ್ದಿಲು ಕುಟ್ಟಿ, ಸೊಪ್ಪಿನ ಜೊತೆ ಅರೆದು ಹಲಗೆಗೆ ಬಳಿಯೋದು. ನೀವೂ ಬಳಿದಿರ್ತೀರಲ್ವಾ? ಒಣಗಿದ ಮೇಲೆ ಹಲಗೆ ಅಮಾವಾಸ್ಯೆ ಕಪ್ಪು, ಅಕ್ಷರ ಹಾಲಿನ ಹಾಗೆ ಕಾಣೋದು.

ಇಲ್ಲಿಗೇ ಬರ್ತಿದ್ದೆ ನೋಡಿ. ಆ ಹಳ್ಳಿಯ ಹಲಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಬೆಂಚಿನವರು ಕಣ್ಣು ಕಿರಿದು ಮಾಡಿಕೊಂಡು ನೋಡೋರು. ಹೊಸ ಬಿಳಿ ಹಲಗೆ, ಪೆನ್ನು ಕೊಡಿಸ್ತೀವಿ ಅಂತ ಯಾರೋ ಹೇಳಿ ಹೋಗಿದ್ದರಂತೆ, ಪೆನ್ನಿನ ಶಾಯಿ ಮುಗಿದರೆ ಆಮೇಲೇನು ಗತಿ? ಒಂದು ಸಂಜೆ ಅಲ್ಲಿನ ಟೀಚರಮ್ಮ ಊಟಕ್ಕೆ ಕರೆದಳು, ಇಪ್ಪತ್ತೈದರ ಹುಡುಗಿ. ಬೇಲಿಯಿಂದ ಏನೋ ಸೊಪ್ಪು ಚಿವುಟಿ ಸಾರಿಗೆ ಹಾಕ್ತಿದ್ದಾಳೆ. ಹತ್ತಿರ ಹೋಗಿ ನೋಡಿದರೆ ತೊಂಡೆ! ನಾವು ಕಾಯಿ ತಿಂದು ಸೊಪ್ಪು ಬಿಡ್ತೀವಿ, ಅವರು ಎಳೇ ಸೊಪ್ಪನ್ನೇ ಬೇಯಿಸಿ ಉಣ್ಣೋದು. ಇದ್ದಿಲಿಗಂತೂ ಬರವಿಲ್ಲ, ಒಲೆಯೇ ಇದ್ದಿಲಿನದು. ಮಾರನೇ ದಿನ ಮಕ್ಕಳನ್ನ ಕಟ್ಟಿಕೊಂಡು ಅರೆದದ್ದೇ ಅರೆದದ್ದು. ಮೊದಲನೇ ಸಲ ನೀರು ಜಾಸ್ತಿಯಾಗಿ ಹಲಗೆಯಿಂದ ಇಳಿದು ನೆಲಕ್ಕೆಲ್ಲ ಹರೀತು. ಎರಡನೇ ಸಲಕ್ಕೆ ಹದ ಸಿಕ್ಕಿತು. ಆ ಟೀಚರಮ್ಮ ಬಳಿದ ಹಲಗೆಯ ಮುಂದೆ ಸುಮಾರು ಹೊತ್ತು ನಿಂತೇ ಇದ್ದಳು.

ಆವತ್ತೇ ಅವಳು ತನ್ನ ತಾತನ ಕಥೆ ಹೇಳಿದ್ದು. 1975ರಲ್ಲಿ ಖ್ಮೇರ್ ರೂಜ್ ಅನ್ನೋ ಗುಂಪಿನವರು ಅಧಿಕಾರಕ್ಕೆ ಬಂದರಲ್ಲ, ಶಾಲೆಗಳನ್ನೆಲ್ಲ ಮುಚ್ಚಿಸಿದರು. ಓದಿದವರನ್ನ ಹುಡುಕಿ ಹುಡುಕಿ ಕೊಂದರು. ತಾತ ಅಕ್ಷರ ಬಲ್ಲೆ ಅನ್ನೋದನ್ನ ಮುಚ್ಚಿಟ್ಟು, ಎತ್ತಿನ ಗಾಡಿ ಹೊಡೆಯೋನು ಅಂತ ಹೇಳಿ ಉಳಿದುಕೊಂಡರಂತೆ. 1979ರವರೆಗೂ ಒಂದು ಅಕ್ಷರ ಬರೀಲಿಲ್ಲವಂತೆ. ನಾಮ್ ಪೆನ್‌ನಲ್ಲಿ ಟುವೊಲ್ ಸ್ಲೆಂಗ್ ಅಂತ ಇದೆ, ಹೈಸ್ಕೂಲನ್ನೇ ಜೈಲು ಮಾಡಿದ್ದು. ಆ ಜೈಲಿನ ಯಜಮಾನ ಡೂಕ್ ಒಂದು ಕಾಲಕ್ಕೆ ಲೆಕ್ಕದ ಮೇಷ್ಟ್ರು. ಅವರ ನಾಯಕ ಪೋಲ್ ಪಾಟ್ ಕೂಡ ಪಾಠ ಹೇಳಿದವನೇ. ಅದನ್ನ ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ ಅಕ್ಕಾ. ಆ ಕೇಡು ಕಳೆದ ಮೇಲೆ ಮೇಷ್ಟ್ರುಗಳು ಎಲ್ಲಿಂದ ಬರಬೇಕು? ಹೆಚ್ಚು ಬಲ್ಲವರು ಕಡಿಮೆ ಬಲ್ಲವರಿಗೆ, ಕಡಿಮೆ ಬಲ್ಲವರು ಏನೂ ಬಲ್ಲದವರಿಗೆ ಹೇಳಿಕೊಡಬೇಕು ಅಂತ ಶುರು ಮಾಡಿದರಂತೆ. ಹಾಗೆ ಮತ್ತೆ ಎದ್ದು ನಿಂತ ಸಾಲಿಗಳು ಅವು. ಇವತ್ತಿಗೂ ಎಷ್ಟೋ ಕಡೆ ಕೋಣೆ ಸಾಲದೆ ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ. ಹೊರಗಿಂದ ಹೋಗೋ ನಾವು ಈ ಹುಡುಗಿಯಂಥವರ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಅವಳನ್ನ ಮೂಲೆಗೆ ಕೂರಿಸಿ ಮುಂದೆ ನಿಲ್ಲಬಾರದು ಅಂತ ನನಗೆ ಗಟ್ಟಿಯಾದದ್ದು ಆವತ್ತು. ಉಳಿದ ವಾರಗಳಲ್ಲಿ ನಾನು ಹೇಳಿಕೊಟ್ಟದ್ದು ಮಕ್ಕಳಿಗಿಂತ ಅವಳಿಗೇ ಹೆಚ್ಚು. ಸಂಜೆ ಕೂತು ‘ನಿನ್ನೆ ಏನು ಮಾಡಿದೆ’ ಪಾಠ ಇಬ್ಬರೂ ಸೇರಿ ಕಟ್ಟಿದೆವು.

ನಿಮ್ಮ ಮೊಮ್ಮಗಳು ರಜೆಯಲ್ಲಿ ಅನಾಥಾಶ್ರಮಕ್ಕೆ ಹೋಗಿ ಪಾಠ ಹೇಳ್ತೀನಿ ಅಂತಿದ್ದಾಳೆ ಅಂದಿರಲ್ಲ, ಅವಳಿಗೆ ಇದನ್ನ ತಪ್ಪದೆ ಹೇಳಿ. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿದ್ದ ನಾಲ್ಕು ಮಕ್ಕಳಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು ಅಂತ 2011ರಲ್ಲಿ ಯುನಿಸೆಫ್ ಹೇಳಿತು. ಬಡತನ ಅಂತ ಬಿಟ್ಟವರು, ಓದು ಸಿಗುತ್ತೆ ಅಂತ ಬಿಟ್ಟವರು. ನೋಡೋಕೆ ಬರೋರು, ಕೊಡೋಕೆ ಬರೋರು ಹೆಚ್ಚಿದ ಹಾಗೆ ಆಶ್ರಮಗಳೂ ಹೆಚ್ಚಿದವು. ಮಕ್ಕಳು ಪ್ರವಾಸಿ ತಾಣವಲ್ಲ ಅಂತ ಅಲ್ಲಿ ಪ್ರಚಾರವೇ ಶುರು ಮಾಡಬೇಕಾಯ್ತು. ತಾಯಿ ಬದುಕಿರೋ ಮಗುವನ್ನ ಅನಾಥ ಅಂತ ತೋರಿಸಿ ಫೋಟೋ ಹಿಡಿಯೋದಿದೆಯಲ್ಲ, ಹೊಟ್ಟೆ ಉರಿಯುತ್ತೆ.

ಹಾಗಂತ ಹೋಗಲೇಬಾರದು ಅಂತಲ್ಲ. ಬಟ್ಟಂಬಾಂಗ್ ಊರಿನಲ್ಲಿ ಫಾರ್ ಅಂತ ಒಂದು ಕಲಾಶಾಲೆ ಇದೆ. ಥಾಯ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ವೆರೋನಿಕ್ ದೆಕ್ರೋಪ್ ಅನ್ನೋ ಫ್ರೆಂಚ್ ಹೆಂಗಸು ಮಕ್ಕಳಿಗೆ ಚಿತ್ರ ಬರೆಯೋದು ಕಲಿಸ್ತಿದ್ದರು. ಆ ಮಕ್ಕಳಲ್ಲಿ ಒಂಬತ್ತು ಜನ ದೇಶಕ್ಕೆ ವಾಪಸು ಬಂದು, 1994ರಲ್ಲಿ ಈ ಶಾಲೆ ತೆಗೆದರು. ಚಿತ್ರ, ಸಂಗೀತ, ನಾಟಕ, ಸರ್ಕಸ್ ಎಲ್ಲಾ ಕಲಿಸ್ತಾರೆ. ಸಿಯೆಮ್ ರೀಪ್‌ನಲ್ಲಿ ಅವರ ಸರ್ಕಸ್ ನೋಡಿದೆ. ಪ್ರಾಣಿ ಒಂದೂ ಇಲ್ಲ, ಬರೀ ಹುಡುಗರು. ಒಬ್ಬನ ಹೆಗಲ ಮೇಲೆ ಇನ್ನೊಬ್ಬ, ಅವನ ಹೆಗಲ ಮೇಲೆ ಮತ್ತೊಬ್ಬ. ಆ ಡ್ರಾಯಿಂಗ್ ಟೀಚರ್ ಎಷ್ಟು ಪುಣ್ಯ ಮಾಡಿದ್ದರೋ ಅನ್ನಿಸಿತು.

ಹಾಂ, ತೊಂಡೆ ಸೊಪ್ಪು. ಅವರ ಭಾಷೆಯಲ್ಲಿ ಪೆನ್ಸಿಲ್ಲಿಗೆ ‘ಖ್ಮೌ ಡೈ’ ಅಂತಾರೆ. ಖ್ಮೌ ಅಂದರೆ ಕಪ್ಪು, ಡೈ ಅಂದರೆ ಕೈ. ಮೊನ್ನೆ ಟೀಚರಮ್ಮ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದಾಳೆ. ನಾನು ಬಂದು ಐದು ತಿಂಗಳಾಯ್ತು, ಹಲಗೆ ಮತ್ತೆ ಬೂದಿಯಾಗಿತ್ತಂತೆ, ಯಾರೂ ಹೇಳದೆ ಮಕ್ಕಳೇ ಬಳಿದಿದ್ದಾರೆ. ಮೊಣಕೈವರೆಗೂ ಮಸಿ. ಇಪ್ಪತ್ತು ಜನ ಎರಡೂ ಕೈ ಮೇಲೆತ್ತಿ ‘ಖ್ಮೌ ಡೈ! ಖ್ಮೌ ಡೈ!’ ಅಂತ ಕೂಗ್ತಾ ಕುಣೀತಿದ್ದಾರೆ. ಏಳೂ ಎಂಟೂ ಹದಿನೈದು ಅಂದವಳು ಮುಂದೆಯೇ ಇದ್ದಾಳೆ. ಇರಿ, ಒಳಗೆ ಹೋಗಿ ಫೋನ್ ತರ್ತೀನಿ, ನೋಡೋರಂತೆ. ಅಷ್ಟರಲ್ಲಿ ಆ ಬಳ್ಳಿಯ ಎರಡು ಕುಡಿ ಈ ಕಡೆಗೆ ದಾಟಿಸಿ, ನಾನು ಹಬ್ಬಿಸಿಕೊಳ್ತೀನಿ.