ತೆಂಗಿನ ಗುಂಡಿಯಲ್ಲಿ ಕೋವಿ

ಮಾದಿಹಳ್ಳಿ ಕಡೆ ಗುದ್ದಲಿಗೆ ಏನಾದರೂ ಠಣ್ ಅಂದರೆ ಕೆಲಸ ಅಲ್ಲಿಗೇ ನಿಂತಿತು ಅಂತ ಲೆಕ್ಕ. ಅತ್ತ ಹಳೇಬೀಡು, ಇತ್ತ ಬೇಲೂರು. ನಡುವೆ ಇರುವ ನಮಗೆ ಅಗೆದಲ್ಲೆಲ್ಲ ಹೊಯ್ಸಳರು ಕಾಣುತ್ತಾರೆ. ಚಿಕ್ಕಪ್ಪನ ತೋಟದ ತೆಂಗಿನ ಗುಂಡಿಯಲ್ಲಿ ಎರಡು ಮೊಳಕ್ಕೂ ಮಿಕ್ಕಿದ ತುಕ್ಕು ಕೊಳವೆಯೊಂದು ಎದ್ದುಬಂದಾಗ ಆಳುಗಳು ಚಪ್ಪಲಿ ಬಿಟ್ಟು ನಿಂತರಂತೆ.

‘ವಿಷ್ಣುವರ್ಧನನ ಕೋವಿ ಕಣಯ್ಯಾ’ ಎಂದು ಪಕ್ಕದ ಜಮೀನಿನವರು ತೀರ್ಪು ಕೊಟ್ಟರು. ಅವನ ಬೇಲೂರಿನ ಗುಡಿ ಎದ್ದದ್ದು 1117ರಲ್ಲಿ. ನಮ್ಮ ಸೀಮೆಗೆ ಕೈಕೋವಿ ಬರುವುದಕ್ಕೆ ಅದಾದ ಮೇಲೂ ಮೂರು ನಾಲ್ಕು ಶತಮಾನ ಬೇಕಾಯಿತು. ಆ ಗುಡಿಯಲ್ಲಿ ಬೇಟೆಗೆ ಹೊರಟ ಮದನಿಕೆಯ ಕೈಲಿರುವುದೂ ಬಿಲ್ಲೇ. ಇದನ್ನು ಹೇಳಿದರೆ, ‘ಅವಳಿಗೆ ಲೈಸೆನ್ಸ್ ಸಿಕ್ಕಿರಲಿಲ್ಲ ಬಿಡಿ’ ಎಂದರು.

ಚಿಕ್ಕಮ್ಮನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಬಚ್ಚಲೊಲೆಗೆ ಊದುಗೊಳವೆ ಮಾಡಿಕೊಂಡರು. ಊದಿದ ಗಾಳಿ ಮುಂದಕ್ಕೆ ಹೋಗದೆ ತಮ್ಮ ಕೆನ್ನೆಗೇ ತಿರುಗಿ ಬಂದಾಗ, ‘ಇದರ ಬಾಯಿ ಕಟ್ಟಿದೆ, ಯಾತಕ್ಕೂ ಬಾರದ ಸಾಮಾನು’ ಎಂದು ಸೌದೆ ಒಟ್ಟಿನ ಮೇಲೆ ಎಸೆದರು.

ಬಾಯಿ ಯಾಕೆ ಕಟ್ಟಿದೆ ಎಂದು ಕೇಳಿದವರು ಸಕಲೇಶಪುರದಿಂದ ಬಂದಿದ್ದ ಭಾವ. ಕಾಫಿ ತೋಟದವರು, ಮನೆಯಲ್ಲಿ ಜೋಡುನಳಿಗೆ ಇಟ್ಟುಕೊಂಡವರು, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವವರು. ಮೊದಲು ಎಲ್ಲರನ್ನೂ ದೂರ ಸರಿಸಿದರು. ನಳಿಗೆಯೊಳಗೆ ಒಂದು ಬಿದಿರು ಕಡ್ಡಿ ಇಳಿಬಿಟ್ಟು, ಅದು ತಡೆದು ನಿಂತಾಗ ಬಾಯಂಚಿಗೆ ಸರಿಯಾಗಿ ಉಗುರಿನಿಂದ ಗುರುತು ಮಾಡಿದರು. ಹೊರತೆಗೆದ ಕಡ್ಡಿಯನ್ನು ನಳಿಗೆಯ ಹೊರಮೈಗೆ ಹಿಡಿದರೆ, ಹಿಂಬದಿಯಲ್ಲಿ ಮದ್ದಿಗೆ ಕಿಡಿ ತಗಲಿಸುವ ಕಿವಿತೂತಿಗೆ ಮೂರು ಬೆರಳು ಸಾಲದು. ‘ನೋಡಿ, ಒಳಗೆ ಏನೋ ಕೂತಿದೆ. ಮಣ್ಣಿರಬಹುದು, ಮದ್ದುಗುಂಡೂ ಇರಬಹುದು.’ ಚಿಕ್ಕಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು.

ತೂತಿನ ಮೇಲೆ ಕೇಪು ಕೂರಿಸುವ ಮೊಳೆಯಿಲ್ಲ. ಆದ್ದರಿಂದ ಇದು ಕೇಪಿನ ಕೋವಿಗಿಂತ ಹಿಂದಿನ ಮಾದರಿ, ಬತ್ತಿಯದೋ ಚಕಮಕಿಯದೋ ಎಂದರು ಭಾವ. ಕುದುರೆಯಿಲ್ಲ, ಮರದ ಹಿಡಿಯನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಕಂಪನಿ ಸರ್ಕಾರದ ಮುದ್ರೆಯೂ ಕಾಣಲಿಲ್ಲ. ಬಲಂ ಪಾಳೇಗಾರನ ಮೇಲೆ ಕಂಪನಿಯ ವೆಲ್ಲೆಸ್ಲಿ 1802ರಲ್ಲಿ ದಂಡೆತ್ತಿ ಬಂದದ್ದು ಈ ಸೀಮೆಗೇ ಎಂದು ನಾನೂ ಒಂದು ಮಾತು ಸೇರಿಸಿದೆ. ಹಂದಿ ಕಾಯುತ್ತಿದ್ದ ಯಾವನೋ ರೈತನದೂ ಆಗಿರಬಹುದು. ಅದನ್ನು ಕೇಳಲು ಯಾರಿಗೂ ಇಷ್ಟವಿರಲಿಲ್ಲ.

ಗುರುತು ಹಿಡಿಯುವುದು ತಿಳಿದವರಿಗೂ ಸಲೀಸಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2002ರಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ತುಕ್ಕು ಕೊಳವೆಗಳು ಟಿಪ್ಪು ಕಾಲದ ರಾಕೆಟ್ಟುಗಳೆಂದು ಗೊತ್ತಾಗಲು ಹತ್ತು ವರ್ಷದ ಮೇಲೆ ಹಿಡಿಯಿತು. ಆಮೇಲೆ, 2018ರಲ್ಲಿ, ಅಲ್ಲಿನ ಒಂದು ಒಣಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಅಗೆಸಿದರೆ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು, ಒಂದೊಂದೂ ಗೇಣುದ್ದ. ಇಂಗ್ಲಿಷರ ಕಾಂಗ್ರೀವ್ ರಾಕೆಟ್ಟಿಗೆ ಮಾದರಿಯಾದ ವಂಶವದು. ಅಂಥದ್ದು ಒಂದೂ ಯಾರದೋ ಬಚ್ಚಲೊಲೆಯ ಮುಂದೆ ಹೋಗದೆ ಉಳಿದದ್ದು ಮಲೆನಾಡಿನ ಪುಣ್ಯ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯಲ್ಲಿ, ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ ಹಳೇ ಕೋವಿಗೆ ವಿನಾಯಿತಿಯುಂಟು. ಆದರೆ ಹಾರುವುದಿಲ್ಲ ಎಂದು ಹೇಳಬೇಕಾದವರು ನಾವಲ್ಲವಲ್ಲ. ನೆಲದಲ್ಲಿ ಸಿಕ್ಕ ಹಳೆಯ ಬೆಲೆಬಾಳುವ ವಸ್ತುವಿನ ಸುದ್ದಿಯನ್ನು ಸರ್ಕಾರಕ್ಕೆ ಮುಟ್ಟಿಸಬೇಕೆಂದು ನಿಧಿ ಕಾಯಿದೆ ಬೇರೆ ಇದೆ; 1878ರ ಹಳೆಯ ಕಾಯಿದೆ ಅದಕ್ಕೆ ಇಟ್ಟಿದ್ದ ಗೆರೆ ಹತ್ತು ರೂಪಾಯಿ. ಗುಜರಿಯವನು ಅದಕ್ಕಿಂತ ಹೆಚ್ಚು ಕೊಡುತ್ತಾನೆ.

ಅಂತೂ ಪೊಲೀಸರಿಗೆ ಫೋನು ಹೋಯಿತು. ಬಂದವರು ಕೊಳವೆಯನ್ನು ಗೋಣಿಚೀಲದಲ್ಲಿ ಸುತ್ತಿ, ‘ಮಾಲೀಕರು ಯಾರು?’ ಎಂದು ಬರೆದುಕೊಳ್ಳಲು ಕೂತರು. ಅಷ್ಟು ಹೊತ್ತು ನನ್ನ ತೋಟ, ನನ್ನ ಗುಂಡಿ ಎನ್ನುತ್ತಿದ್ದ ಚಿಕ್ಕಪ್ಪ, ‘ಭೂಮಿತಾಯಿ’ ಎಂದುಬಿಟ್ಟರು.

ಆದರೆ ಅವರ ತಲೆಯೊಳಗಿನ ಲೆಕ್ಕ ಬೇರೆ. ಕೋವಿ ಇದ್ದಮೇಲೆ ಅದು ಕಾಯುತ್ತಿದ್ದ ಪೆಟ್ಟಿಗೆಯೂ ಇರಲೇಬೇಕು. ಈ ಮಳೆಗಾಲಕ್ಕೆ ಇನ್ನಷ್ಟು ತೆಂಗಿನ ಸಸಿ ತರಿಸಿದ್ದಾರೆ. ಗುಂಡಿ ಮೂರಡಿ ಸಾಕು ಎಂದರೆ, ‘ಬೇರು ಆಳಕ್ಕೆ ಇಳಿಯಬೇಕು ಕಣೋ’ ಎನ್ನುತ್ತಾರೆ; ಆಳು ಮೇಲೆ ಬರಲು ಏಣಿ ಕೇಳುತ್ತಿದ್ದಾನೆ.