ಒಟ್ಟು 109 ಕಿಲೋ

ನಿಮ್ಮ ಮನೆಯಲ್ಲೂ ಮಂಚದಡಿ ಒಂದು ತೂಕದ ಯಂತ್ರ ಇದ್ದೇ ಇರುತ್ತದೆ. ಯಾವುದೋ ಹೊಸ ವರ್ಷದ ಹುರುಪಿನಲ್ಲಿ ತಂದು, ಫೆಬ್ರವರಿಯಲ್ಲಿ ಕಾಲಿನಿಂದ ಒಳಗೆ ತಳ್ಳಿದ್ದು. ಅದನ್ನು ಹೊರಗೆ ಎಳೆಯಬೇಡಿ ಮಾರಾಯ್ರೆ. ನಾನು ಎಳೆದೆ, ಅನುಭವಿಸುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಜರ್ಮನಿಯ ಹುಡುಗಿ. ಇಲ್ಲಿಯ ಕಾಲೇಜೊಂದರಲ್ಲಿ ಒಂದು ಸೆಮಿಸ್ಟರ್ ಓದಲು ಬಂದವಳು, ಬಿಕರ್ನಕಟ್ಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಐದು ತಿಂಗಳು ಇದ್ದಳು. ಊರು ಟ್ಯೂಬಿಂಗನ್ ಅಂದಾಗ ನನಗೆ ರೋಮಾಂಚನ. ನಮ್ಮ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡ ಊರು! ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆ ಋಣ ತೀರಿಸಲು ವಿಧಿ ನನ್ನನ್ನೇ ಆರಿಸಿದೆ ಎಂದುಕೊಂಡು ಕನ್ನಡ ಪಾಠ ಶುರುಮಾಡಿದೆ. ಷಟ್ಪದಿಯವರೆಗೆ ಹೋಗುವ ಯೋಜನೆ ಇತ್ತು. ಒತ್ತಕ್ಷರ ಮುಗಿಯುವ ಮೊದಲೇ ಅವಳು ಅಡುಗೆಮನೆಯಲ್ಲಿ ಬೂತಾಯಿ ಕೊಯ್ಯುತ್ತಾ ನನ್ನ ಹೆಂಡತಿಯ ಹತ್ತಿರ ತುಳು ಮಾತಾಡುತ್ತಿದ್ದಳು. ಹೆಂಡತಿ ‘ಅಮ್ಮ’ ಆದಳು. ನಾನು ಕೊನೆಯವರೆಗೂ ‘ಅಂಕಲ್’.

ಹೊರಡುವ ದಿನ ಜನವರಿ 14. ಬಾಲಯೇಸು ಕ್ಷೇತ್ರದ ವಾರ್ಷಿಕ ಹಬ್ಬ. ಆ ದಿನ ನಮ್ಮ ರಸ್ತೆಯಲ್ಲಿ ಬೆಕ್ಕು ಅಡ್ಡ ದಾಟುವುದಕ್ಕೂ ಜಾಗ ಇರುವುದಿಲ್ಲ. ಅದಿರಲಿ. ಹಿಂದಿನ ರಾತ್ರಿಯ ಸೂಟ್‌ಕೇಸಿಗೆ ಬರೋಣ. ಮಿತಿ 23 ಕಿಲೋ. ಒಳಗಿದ್ದದ್ದು ಅವಳ ನಾಲ್ಕು ಬಟ್ಟೆ. ಉಳಿದದ್ದೆಲ್ಲ ನಮ್ಮ ಪ್ರೀತಿ. ಹೆಂಡತಿಯ ಪ್ರೀತಿ ಎಂದರೆ ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮತ್ತು ಒಂದು ಹೆರೆಮಣೆ. ನನ್ನದು ಸಾವಿರದ ಏಳುನೂರು ಪುಟ ದಾಟುವ ಕಿಟೆಲ್ ನಿಘಂಟು ಮತ್ತು ಒಂದು ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಕಥೆಯನ್ನು ನಾನೇ ಅವಳಿಗೆ ಹೇಳಿ, ಆವೇಶ ಬಂದು, ಬಚ್ಚಲುಕೊಟ್ಟಿಗೆಯ ಮಾಡಿಗೆ ಹತ್ತಿ ಒಂದು ಹಂಚು ತೆಗೆದುಕೊಟ್ಟಿದ್ದೆ. ಒಂದನ್ನು ತೆಗೆಯುವಾಗ ಮೂರು ಒಡೆದವು. ಜನವರಿ ಆದ್ದರಿಂದ ಸ್ನಾನ ಮಾಡುವಾಗ ಮಳೆ ಬೀಳುವುದಿಲ್ಲ, ಕಾಗೆ ನೋಡುತ್ತದೆ ಅಷ್ಟೆ.

ಸೂಟ್‌ಕೇಸನ್ನು ಯಂತ್ರದ ಮೇಲಿಟ್ಟರೆ ಅಂಕಿಯೇ ಮುಚ್ಚಿಹೋಗುತ್ತದೆ. “ಯಾರಾದರೂ ಎತ್ತಿಕೊಂಡು ನಿಂತು, ಆಮೇಲೆ ಅವರ ತೂಕ ಕಳೆದರಾಯಿತು” ಎಂದಳು ಹುಡುಗಿ. ಅವಳೇ ನಿಲ್ಲುತ್ತಿದ್ದಳೋ ಏನೋ. ಮನೆಯಲ್ಲಿ ಗಂಡಸೊಬ್ಬ ಇದ್ದೇನಲ್ಲ ಎಂದು ನಾನು ಪಂಚೆ ಎತ್ತಿ ಕಟ್ಟಿದೆ. ಸೂಟ್‌ಕೇಸನ್ನು ಮಗುವಿನ ಹಾಗೆ ಅಪ್ಪಿಕೊಂಡು ಯಂತ್ರ ಹತ್ತಿದೆ. ಸೊಂಟದಲ್ಲಿ ಏನೋ ಲಟಕ್ ಅಂದಿತು. ಹೆಂಡತಿ ಬಗ್ಗಿ ಓದಿದಳು: “109.”

“ಈಗ ನೀವೊಬ್ಬರೇ ನಿಲ್ಲಿ.”

“ಅದೆಂಥಕ್ಕೆ? ನನ್ನ ತೂಕ ನನಗೆ ಗೊತ್ತಿಲ್ಲವಾ? ಎಪ್ಪತ್ತನಾಲ್ಕು.”

ಈ ಎಪ್ಪತ್ತನಾಲ್ಕನ್ನು ನಾನು ಬಹಳ ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದೇನೆ. ನೀವೂ ನಿಮ್ಮ ಸೊಂಟದ ಸುತ್ತಳತೆಯನ್ನು ಹೀಗೆಯೇ ಕಾಪಾಡಿಕೊಂಡಿರುತ್ತೀರಿ, ದೊಡ್ಡವರ ಹಾಗೆ ನಗಬೇಡಿ.

ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ಹೆಂಡತಿ ಕ್ಷಣದಲ್ಲಿ ಕಳೆದಳು. “ಮೂವತ್ತೈದು! ಹನ್ನೆರಡು ಕಿಲೋ ಜಾಸ್ತಿ!” ಮನೆಯಲ್ಲಿ ಸೂತಕದ ಮೌನ. ಮೊದಲು ಹೊರಬಿದ್ದದ್ದು ಕಿಟೆಲ್. “ಜರ್ಮನಿಯವರು ಬರೆದದ್ದನ್ನು ಜರ್ಮನಿಗೇ ಹೊತ್ತುಕೊಂಡು ಹೋಗುದಾ?” ಎಂದಳು. ಹಂಚಿಗೂ ಅದೇ ನ್ಯಾಯ. ಆಮೇಲೆ ಅವಳ ಸರದಿ. ಕುಚ್ಚಲಕ್ಕಿ ತೆಗೆಯುವಾಗ ಮುಖ ಬಾಡಿತು, ಹೆರೆಮಣೆ ತೆಗೆಯುವಾಗ ಕಣ್ಣು ಒದ್ದೆಯಾಯಿತು, ಉಪ್ಪಿನಕಾಯಿ ಭರಣಿಯನ್ನು ಹುಡುಗಿಯೇ ಎತ್ತಿ ಕೆಳಗಿಟ್ಟು ಅಮ್ಮನನ್ನು ತಬ್ಬಿಕೊಂಡಳು. ನಾನೂ ತಬ್ಬಿಕೊಳ್ಳಬಹುದಿತ್ತು. ಸೊಂಟ ಬಿಡಲಿಲ್ಲ.

ಬೀಳ್ಕೊಡಲು ನಾನು ಜರ್ಮನ್ ಮಾತೊಂದನ್ನು ಕಲಿತಿದ್ದೆ: ಔಫ್ ವೀಡರ್‌ಝೇನ್. ಮತ್ತೆ ಕಾಣುವ ಎಂದರ್ಥ. ಬಚ್ಚಲಲ್ಲಿ ಒಂದು ವಾರ ಅಭ್ಯಾಸ ಮಾಡಿದೆ. ಎರಡನೇ ದಿನವೇ ಹೆಂಡತಿ ಬಾಗಿಲು ತಟ್ಟಿ, “ಗಂಟಲಿಗೆ ಉಪ್ಪುನೀರು ಕಾಯಿಸಬೇಕಾ?” ಎಂದು ಕೇಳಿದ್ದಳು.

ಹಬ್ಬದ ಗದ್ದಲದಲ್ಲಿ ನಂತೂರಿಗೆ ಮುಟ್ಟುವಾಗಲೇ ಮುಕ್ಕಾಲು ಗಂಟೆ. ಯೆಯ್ಯಾಡಿ, ಬೋಂದೆಲ್ ದಾಟಿ ಗುಡ್ಡದ ಮೇಲಿನ ವಿಮಾನ ನಿಲ್ದಾಣಕ್ಕೆ ಓಡೋಡಿ ಬಂದೆವು. ಇಲ್ಲಿಂದ ಗಲ್ಫಿಗಾದರೆ ನೇರ ವಿಮಾನ ಉಂಟು. ಜರ್ಮನಿಗೆ ಎಲ್ಲಾದರೂ ಇಳಿದು ಹತ್ತಬೇಕು, ಅವಳದ್ದು ಮುಂಬೈಯಲ್ಲಿ. ಬಾಗಿಲಲ್ಲಿ ಹುಡುಗಿ ನಮ್ಮಿಬ್ಬರ ಕಾಲು ಮುಟ್ಟಿ, “ಪೋದು ಬರ್ಪೆ” ಎಂದಳು. ಹೋಗುತ್ತೇನೆ ಅನ್ನಲಿಲ್ಲ ನೋಡಿ, ಹೋಗಿ ಬರುತ್ತೇನೆ ಎಂದಳು. ಇದನ್ನು ಕಲಿಸಿದ್ದೂ ನಾನಲ್ಲ. ನನ್ನ ಗಂಟಲು ಕಟ್ಟಿತು. ಒಂದು ವಾರದ ಜರ್ಮನ್ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಐದು ತಿಂಗಳು ದಿನಾ ಕೇಳಿದ್ದೇ: “ಊಟ ಆಯ್ತಾ?”

“ಆಂಡ್ ಅಂಕಲ್” ಎಂದು ಒಳಗೆ ಹೋದಳು.

ಗಾಜಿನಾಚೆ ಅವಳ ತಲೆ ಮರೆಯಾದರೂ ಹೆಂಡತಿ ಕೈ ಬೀಸುತ್ತಲೇ ಇದ್ದಳು. ಹತ್ತು ನಿಮಿಷದಲ್ಲಿ ಅವಳ ಫೋನ್ ಬಡಿಯಿತು. ಸ್ಪೀಕರಿನಲ್ಲಿ ಹುಡುಗಿಯ ಸ್ವರ, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ: “ಅಮ್ಮಾ! ಸೂಟ್‌ಕೇಸ್ ಪತ್ತೊಂಜಿ ಕಿಲೋ! ಪತ್ತೊಂಜಿ!”

ಹನ್ನೊಂದು.

ಬೋಂದೆಲ್ ದಾಟುವವರೆಗೆ ಹೆಂಡತಿ ಮಾತಾಡಲಿಲ್ಲ. ಬೆರಳು ಮಾತ್ರ ಒಂದೊಂದೇ ಮಡಚುತ್ತಿದ್ದವು. ನಾನು ಕಿಟಕಿಯಾಚೆ ತೆಂಗಿನಮರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಯೆಯ್ಯಾಡಿಯಲ್ಲಿ ಸಣ್ಣ ಸ್ವರದಲ್ಲಿ ಬಂತು:

“ಎಂಬತ್ತಾರು.”

ಆ ರಾತ್ರಿ ಜರ್ಮನಿಗೆ ಹೋಗಬೇಕಿದ್ದ ಕುಚ್ಚಲಕ್ಕಿಯ ಗಂಜಿ ನನ್ನೆದುರು ಬಂತು, ಅರ್ಧ ಬಟ್ಟಲು. ಉಪ್ಪಿನಕಾಯಿ ಭರಣಿ ಮೇಜಿನ ಆಚೆ ತುದಿಯಲ್ಲಿತ್ತು. ತೂಕದ ಯಂತ್ರ ಮಂಚದಡಿಗೆ ಮರಳಲಿಲ್ಲ. ಚಾವಡಿಯಲ್ಲಿ, ಬಂದವರಿಗೆ ಕಾಣುವ ಹಾಗೆ, ಕಿಟೆಲ್ ನಿಘಂಟಿನ ಪಕ್ಕ ಕೂತಿದೆ.

ಮೂರನೇ ದಿನ ಟ್ಯೂಬಿಂಗನ್ನಿನಿಂದ ವಿಡಿಯೋ ಕಾಲ್. ಅಲ್ಲಿ ಹಿಮ ಬೀಳುತ್ತಿತ್ತು. ಈ ಸಲವಾದರೂ ಆ ಜರ್ಮನ್ ಮಾತು ಹೇಳಿಬಿಡೋಣ ಎಂದು ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಮ್ಮನನ್ನು ಕೇಳಿದಳು:

“ಅಂಕಲ್ ಇತ್ತೆ ಏತ್ ಕಿಲೋ?”