ಇಲ್ಲ್ ಉಂಟು, ಮನೆ ಇಲ್ಲ

ಬಾಡಿಗೆ ಮನೆ ಹುಡುಕುತ್ತಾ ಬೆಂಗಳೂರಿನ ವಿಜಯನಗರ ಸುತ್ತುವಾಗ ಪುತ್ತೂರಿನ ಗೆಳೆಯ ಜತೆಗಿದ್ದ. 'ಟು-ಲೆಟ್' ಬೋರ್ಡಿದ್ದ ಗೇಟುಗಳಾಚೆಯಿಂದೆಲ್ಲ ಒಂದೇ ಉತ್ತರ: "ಇಲ್ಲ." ಏಳನೆಯ 'ಇಲ್ಲ'ಕ್ಕೆ ಅವನು ಕಿಸಕ್ಕನೆ ನಕ್ಕ. "ಮಾರಾಯ, ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಇವರೆಲ್ಲ ಮನೆ ಉಂಟು ಅಂತಲೇ ಹೇಳುವುದಲ್ವಾ!" ತೆಲುಗಿನಲ್ಲೂ ಮನೆ 'ಇಲ್ಲು'. ಅಕ್ಕಪಕ್ಕದವರಿಗೆಲ್ಲ ಸೂರಾದ ಪದ, ಕನ್ನಡಿಗನಾದ ನನ್ನ ಪಾಲಿಗೆ ಮಾತ್ರ ನಾಸ್ತಿ.

ಅಂತೂ ಒಂದು ಸಿಕ್ಕಿತು. 10 ತಿಂಗಳ ಅಡ್ವಾನ್ಸು, 11 ತಿಂಗಳ ಕರಾರು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಲ್ಲ, ಆ ಖರ್ಚು ಯಾರಿಗೆ ಬೇಕು? ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತು ಬೇರೆ. ಹಾಗಾಗಿ ತಾತನ ಫೋಟೋ ಅಕ್ಕಿ ಡಬ್ಬಕ್ಕೆ ಒರಗಿ ಕೂತಿದೆ. ಅನ್ನಕ್ಕಿಡುವಾಗಲೆಲ್ಲ ತಾತ ಮಕಾಡೆ ಮಲಗುತ್ತಾರೆ.

"ಮನೆಗೆ ಯಾವಾಗ ಬರ್ತೀಯೋ?" ಅಂತ ಅಮ್ಮನ ಫೋನು. ಮನೆಯಲ್ಲೇ ಇದ್ದೀನಲ್ಲಮ್ಮ ಅಂದರೆ, "ಅದು ರೂಮು ಕಣೋ" ಅನ್ನುತ್ತಾಳೆ. ರೂಮಿಗೆ 22 ಸಾವಿರ ಬಾಡಿಗೆ! ಹೆಂಡತಿಯ ಲೆಕ್ಕವೇ ಬೇರೆ. "ನಮ್ಮನೇಲಿ ಸಾರಿಗೆ ಬೆಲ್ಲ ಹಾಕ್ತಾರೆ" ಅಂದಳೆಂದರೆ ಅದು ತವರು. ಮದುವೆಯಾಗಿ 19 ವರ್ಷವಾದರೂ ನಮ್ಮ ಒಲೆಗೆ ಆ 'ನಮ್ಮನೆ' ಪದವಿ ಸಿಕ್ಕಿಲ್ಲ. ಮಡಿಕೇರಿಯ ಸಹೋದ್ಯೋಗಿಗೆ ಮನೆಯೆಂದರೆ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆಲ್ಲ, ಸೇರಿದ ಐನ್‌ಮನೆ; ನನಗೋ ಬಾಲ್ಕನಿಯೂ ಓನರ್ ಜತೆ ಪಾಲು.

ನಿನ್ನೆ ಸಾಲದ ಕಂತಿನವನು ಬಂದಿದ್ದ. "ನಮ್ಮನೆಯವರು ಮನೇಲಿಲ್ಲ" ಅಂದಳು ಹೆಂಡತಿ. ನಾನು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು, ತಾತನನ್ನು ಎತ್ತಿ ಕೂರಿಸುತ್ತಿದ್ದೆ.